ಒಂದಾಣೆಯ ಚೀಟಿಗೆ ಎಷ್ಟು ಅಂಕ?

ಅಧ್ಯಾಪನ ಅಭ್ಯಾಸದ ವೀಕ್ಷಣಾ ನಮೂನೆಯಲ್ಲಿ 'ಬೋಧನೋಪಕರಣ' ಎಂಬ ಅಂಶಕ್ಕೆ ನಾವು ಅಂಕ ಕೊಡುವುದು ಬಹುಮಟ್ಟಿಗೆ ಗಾತ್ರ ನೋಡಿ, ಬಣ್ಣ ನೋಡಿ. ಚಾರ್ಟ್ ದೊಡ್ಡದಿದ್ದು ಅಕ್ಷರ ದುಂಡಗಿದ್ದರೆ ಸಾಕು, ಅಂಕ ಬಿತ್ತು. ಇದು ಬದಲಾಗಬೇಕು ಎಂಬುದು ನನ್ನ ವಾದ. ಅದಕ್ಕೆ ಆಧಾರ ಕೆಲವು ಹಳೆಯ ಬ್ಯಾಂಕ್ ಚೆಕ್ಕುಗಳು.

ಕಳೆದ ಸೆಮಿಸ್ಟರಿನಲ್ಲಿ ಕರಾವಳಿಯ ಒಬ್ಬ ಪ್ರಶಿಕ್ಷಣಾರ್ಥಿ ಎಂಟನೆಯ ತರಗತಿಯ ಸಮಾಜ ವಿಜ್ಞಾನ ಪಾಠಕ್ಕೆ ಮುತ್ತಜ್ಜನ ಅಡಿಕೆ ವ್ಯಾಪಾರದ ಕಡತದಿಂದ ನಾಲ್ಕು ಚೆಕ್ಕು ತಂದಿದ್ದಳು. ಪ್ರತಿಯೊಂದರ ಮೇಲೂ ಒಂದಾಣೆಯ ಚೀಟಿ, ಚೀಟಿಯ ಮೇಲೆ ಹಾದುಹೋದ ಸಹಿ. ಮಕ್ಕಳನ್ನು ಗುಂಪು ಮಾಡಿ ಗುಂಪಿಗೊಂದು ಕೊಟ್ಟಳು. ವೀಕ್ಷಕರು ಷರಾ ಬರೆದರು: "ಉಪಕರಣ ಚಿಕ್ಕದು, ಹಿಂದಿನ ಸಾಲಿಗೆ ಕಾಣಿಸದು." ಹಿಂದಿನ ಸಾಲಿನ ಮಕ್ಕಳ ಕೈಯಲ್ಲೇ ಒಂದು ಚೆಕ್ಕು ಇತ್ತು.

ಆ ಸಾಲಿನ ಹುಡುಗನೊಬ್ಬ ಕೇಳಿದ: "ಟೀಚರ್, ಪೋಸ್ಟಿನ ಸ್ಟಾಂಪನ್ನು ಚೆಕ್ಕಿಗೆ ಯಾಕೆ ಅಂಟಿಸಿದ್ದಾರೆ?" ಅರ್ಧ ಅವಧಿಯ ಪಾಠ ಈ ಪ್ರಶ್ನೆಯೊಳಗೇ ಇದೆ. ಬ್ರಿಟಿಷ್ ಇಂಡಿಯಾದಲ್ಲಿ 1899ರ ಸ್ಟಾಂಪು ಕಾಯಿದೆಯಂತೆ ಪ್ರತಿ ಚೆಕ್ಕಿಗೂ ಒಂದಾಣೆ ಸುಂಕ. 1906ರಲ್ಲಿ ಬಂದ ಏಳನೆಯ ಎಡ್ವರ್ಡ್ ಚಿತ್ರದ ಅರ್ಧಾಣೆ, ಒಂದಾಣೆ ಚೀಟಿಗಳ ಮೇಲೆ ಅಂಚೆ, ಕಂದಾಯ ಎರಡೂ ಪದ ಅಚ್ಚಾಗಿದ್ದವು. ಅದೇ ಚೀಟಿ ಕಾಗದಕ್ಕೂ ಆಯಿತು, ಚೆಕ್ಕಿಗೂ ರಸೀದಿಗೂ ಆಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್, ಕೆನರಾ ಬ್ಯಾಂಕ್ ಎಂದಾದ ಸಂಸ್ಥೆಗಳು ಉಡುಪಿ, ಮಂಗಳೂರುಗಳಲ್ಲಿ ಹುಟ್ಟಿದ್ದೂ ಅದೇ 1906ರಲ್ಲಿ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ, ಹಾಗಾಗಿ ಈ ಕಾಯಿದೆ ಅಲ್ಲಿಗೆ ಅನ್ವಯಿಸುತ್ತಿತ್ತು. (ಮೈಸೂರು ಸಂಸ್ಥಾನದ ಕಾಗದಪತ್ರಗಳನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿನ ಕಂದಾಯ ಚೀಟಿಗಳೇ ಬೇರೆ.)

ಗಣಿತ ಬೋಧಿಸುವವರಿಗೂ ಇಲ್ಲಿ ಕೆಲಸವಿದೆ. ಸುಂಕ ಮೊತ್ತಕ್ಕೆ ತಕ್ಕಂತೆ ಏರುತ್ತಿರಲಿಲ್ಲ. ಹತ್ತು ರೂಪಾಯಿಯ ಚೆಕ್ಕಿಗೂ ಒಂದಾಣೆ, ಸಾವಿರದ್ದಕ್ಕೂ ಒಂದಾಣೆ. ರೂಪಾಯಿಗೆ ಹದಿನಾರಾಣೆ. ಹತ್ತರಲ್ಲಿ ಅದು 160ರಲ್ಲೊಂದು ಪಾಲು, ಸಾವಿರದಲ್ಲಿ 16,000ದಲ್ಲೊಂದು. ಭಾರ ಯಾರಿಗೆ ಹೆಚ್ಚು ಎಂದು ಮಕ್ಕಳೇ ಹೇಳುತ್ತಾರೆ. ಚೆಕ್ಕಿನ ಬಳಕೆ ಬೆಳೆಯಬೇಕಾದರೆ ಈ ಸುಂಕ ಹೋಗಬೇಕೆಂದು ಹಿಲ್ಟನ್ ಯಂಗ್ ಆಯೋಗ ಶಿಫಾರಸು ಮಾಡಿತು. 1927ರ ಜುಲೈ 1ರಿಂದ ಅದು ರದ್ದಾಯಿತು. ತಾರೀಖು ಅಳಿಸಿಹೋದ ಚೆಕ್ಕಿನಲ್ಲಿ ಸುಂಕದ ಚೀಟಿ ಉಳಿದಿದ್ದರೆ ಅದರ ಕಾಲ ಸುಮಾರಾಗಿ ತಿಳಿಯುವುದು ಹೀಗೆ. ಆಧಾರದಿಂದ ಕಾಲ ನಿರ್ಣಯಿಸುವುದು ಎಂದು ನಾವು ವಿಧಾನ ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳುವುದನ್ನು ಮಕ್ಕಳು ಕೈಯಾರೆ ಮಾಡಿದಂತಾಗುತ್ತದೆ.

ಸಂಗ್ರಹಿಸುವ ಉತ್ಸಾಹವಿರುವ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಆಲ್ಬಮ್ಮಿಗೆ ಹಾಕಬೇಡಿ. ಮತ್ತೆ ಬಳಸಲಾಗದಂತೆ ಚೀಟಿಯನ್ನು ರದ್ದು ಮಾಡಬೇಕೆಂಬ ನಿಯಮವಿದ್ದುದರಿಂದಲೇ ಸಹಿ ಅದರ ಮೇಲೆ ಹಾದಿರುತ್ತದೆ. ಚೀಟಿ ಬಿಡಿಸಿದರೆ ಸಹಿ ಎರಡು ತುಂಡು. ಬಿಡಿ ಚೀಟಿ ಎಲ್ಲಿಯೂ ಸಿಕ್ಕೀತು. ಯಾರು ಯಾರಿಗೆ, ಯಾವ ಊರಿನಲ್ಲಿ, ಎಷ್ಟು ಕೊಟ್ಟರೆಂಬುದು ಆ ಚೆಕ್ಕಿನಲ್ಲಿ ಮಾತ್ರ ಇರುತ್ತದೆ. ಲ್ಯಾಮಿನೇಷನ್ನೂ ಬೇಡ, ಗೋಂದು ಹಚ್ಚಿ ಚಾರ್ಟಿಗೆ ಅಂಟಿಸುವುದಂತೂ ಬೇಡವೇ ಬೇಡ. ಮನೆಯವರ ಒಪ್ಪಿಗೆ ಕೇಳಿ. ಹಳೆಯ ಕಡತದಲ್ಲಿ ಸಾಲದ ಕಥೆಗಳೂ ಇರುತ್ತವೆ, ಅವನ್ನು ತರಗತಿಗೆ ತರುವ ಹಕ್ಕು ನಮಗೆ ತಾನಾಗಿ ಬರುವುದಿಲ್ಲ. ಈಚಿನ ಚೆಕ್ಕುಗಳನ್ನು ಮುಟ್ಟಲೇಬೇಡಿ.

ಹಳೆಯ ಚೆಕ್ಕು ಸಿಗದ ಊರಿನಲ್ಲೂ ದಾರಿಯಿದೆ. ಐದು ಸಾವಿರ ರೂಪಾಯಿ ಮೀರಿದ ರಸೀದಿಗೆ ಇಂದಿಗೂ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚುತ್ತೇವೆ. ಅದರ ಮೇಲೆ ಅಪ್ಪನೋ ಅಮ್ಮನೋ ಸಹಿ ಹಾಕಿದ್ದನ್ನು ಕಂಡ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅಲ್ಲಿಂದಲೇ ಪಾಠ ಶುರುಮಾಡಬಹುದು.

ಎಲ್ಲ ಪಾಠಕ್ಕೂ ಮೂಲದಾಖಲೆ ಬೇಕೆಂದು ನಾನು ಹೇಳುತ್ತಿಲ್ಲ. ನಕ್ಷೆಯ ಪಾಠಕ್ಕೆ ದೊಡ್ಡ ನಕ್ಷೆಯೇ ಬೇಕು. ಆದರೆ ಆ ಪ್ರಶಿಕ್ಷಣಾರ್ಥಿ ಮುಂದಿನ ಪಾಠಕ್ಕೆ ಥರ್ಮಾಕೋಲಿನಲ್ಲಿ ಮೂರಡಿಯ ಚೆಕ್ಕು ಮಾಡಿ ತಂದಳು, ಒಳ್ಳೆಯ ಅಂಕವನ್ನೂ ಪಡೆದಳು. ಅಂದು ಯಾವ ಮಗುವೂ ಏನನ್ನೂ ಕೇಳಲಿಲ್ಲ. ಬರುವ ಸೆಮಿಸ್ಟರಿನ ನಮೂನೆಯಲ್ಲಿ ಉಪಕರಣದ ಅಂಕದ ಪಕ್ಕದಲ್ಲಿ 'ಉಪಕರಣ ನೋಡಿ ಮಕ್ಕಳು ಕೇಳಿದ ಪ್ರಶ್ನೆಗಳು' ಎಂದು ಎರಡು ಸಾಲು ಖಾಲಿ ಬಿಡೋಣ, ವೀಕ್ಷಕರು ಅದನ್ನು ತುಂಬಿದ ಮೇಲೆಯೇ ಅಂಕ ಹಾಕಲಿ ಎಂದು ವಿಧಾನ ಬೋಧಕರ ಸಭೆಯಲ್ಲಿ ಕೇಳಲಿದ್ದೇನೆ.