'ಹುಬ್ಬಳ್ಳಿಗೆ ಒಯ್ರಿ'

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ನಡುರಾತ್ರಿ ಎದೆನೋವು ಬಂದವನ ಹಣೆಬರಹ ಬರೆಯುವವರು ಆ ಹೊತ್ತಿನ ಡ್ಯೂಟಿ ಡಾಕ್ಟರು. ಒಬ್ಬರು ಇಸಿಜಿ ತೆಗೆಸಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುತ್ತಾರೆ. ಇನ್ನೊಬ್ಬರು ನಾಡಿ ಹಿಡಿಯುವ ಮೊದಲೇ 'ಹುಬ್ಬಳ್ಳಿಗೆ ಒಯ್ರಿ' ಎನ್ನುತ್ತಾರೆ. ಕಾಯಿಲೆ ಅದೇ. ಆದರೆ ಎರಡನೆಯವನ ಮನೆಯಲ್ಲಿ ಗಾಡಿ ಬಾಡಿಗೆಗೆ, ಖಾಸಗಿ ಐಸಿಯುಗೆ ಬಂಗಾರ ಒತ್ತೆ ಬೀಳುತ್ತದೆ; ದಾರಿಯಲ್ಲಿ ಕಳೆದ ಹೊತ್ತಿಗೆ ಹೃದಯದ ಸ್ನಾಯು ಸಾಯುತ್ತದೆ.

'ಅದು ವೈದ್ಯರ ವಿವೇಚನೆ' ಎಂಬ ಮಾತು ಸಾಕು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಒಂದೇ ಆಸ್ಪತ್ರೆಯ ತುರ್ತು ವೈದ್ಯರನ್ನು ಹೋಲಿಸಿತ್ತು. ಅಫೀಮು ವರ್ಗದ ನೋವುನಿವಾರಕವನ್ನು ಕಡಿಮೆ ಬರೆಯುವವರು ನೂರಕ್ಕೆ 7 ರೋಗಿಗಳಿಗೆ ಬರೆದರೆ, ಹೆಚ್ಚು ಬರೆಯುವವರು 24 ಮಂದಿಗೆ ಬರೆದಿದ್ದರು. ಇವರ ಕೈಗೆ ಸಿಕ್ಕವರಲ್ಲಿ ಆ ಗುಳಿಗೆಗೆ ಅಂಟಿಕೊಂಡವರೂ ಹೆಚ್ಚು. ಅಲ್ಲಿ ಎಣಿಸಿದ್ದರಿಂದ ಗೊತ್ತಾಯಿತು.

ನಮ್ಮಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ: ತಾಲೂಕಿನ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಆ ದುಬಾರಿ ಇಂಜೆಕ್ಷನ್ ಪುಕ್ಕಟೆ. ಇಷ್ಟಿದ್ದೂ ಕಾರಣವೇ ಇಲ್ಲದ ಚೀಟಿ ಯಾಕೆ? ನಿದ್ದೆಗೆಟ್ಟು ದುಡಿಯುವ ಡಾಕ್ಟರರನ್ನು ಬೈಯುವುದು ಸುಲಭ. ನಾನು ಕೇಳುವುದು ಲೆಕ್ಕ. ಯಾರು, ಎಷ್ಟು ಮಂದಿಯನ್ನು, ಏನು ಕೊಟ್ಟು, ಯಾಕೆ ಕಳಿಸಿದರು ಎಂಬುದನ್ನು ಪ್ರತಿ ತಿಂಗಳು ಆಸ್ಪತ್ರೆಯ ಗೋಡೆಗೆ ಹಚ್ಚಲಿ.