ಉತ್ತರ ಬರೆದಿಟ್ಟವರು ಯಾರು?

ರಸಪ್ರಶ್ನೆ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ತಾಯಂದಿರಿಗೂ ಅಷ್ಟೇ ಎಂದರೆ ನೀವು ಕೋಪಿಸಿಕೊಳ್ಳಲಾರಿರಿ. ಆದರೆ ಒಂದೇ ಕಥೆಯ ಮೇಲೆ ಪೆಟ್ಟಿಗೆ ತುಂಬ ಪ್ರಶ್ನೆಗಳಿರುವ ಆಟವನ್ನು ನೋಡಿದ್ದೀರಾ? 2009ರಲ್ಲಿ ಅಮೆರಿಕದಲ್ಲಿ 'ಸೀನ್ ಇಟ್?' ಎಂಬ ಆಟದ 'ಸ್ಟಾರ್ ಟ್ರೆಕ್' ಆವೃತ್ತಿ ಬಂತು. ಡಿವಿಡಿ ಹಾಕಿದರೆ ಟಿ.ವಿ.ಯಲ್ಲಿ ದೃಶ್ಯದ ತುಣುಕು ಬರುತ್ತದೆ, ಅದರ ಹಿಂದೆಯೇ ಪ್ರಶ್ನೆ.

ಸ್ಟಾರ್ ಟ್ರೆಕ್ ಬಾಹ್ಯಾಕಾಶ ಯಾತ್ರಿಗಳ ಕಾಲ್ಪನಿಕ ಧಾರಾವಾಹಿ. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 1969ರಲ್ಲಿ ನಿಂತಿತು. ಒಟ್ಟು 79 ಕಂತುಗಳು. ನೌಕೆಯ ಹೆಸರು ಎಂಟರ್‌ಪ್ರೈಸ್, ಅದರ ನಾಯಕ ಕರ್ಕ್, ಚೂಪು ಕಿವಿಯವನು ಸ್ಪಾಕ್. ಇವೆಲ್ಲ ಸುಲಭದ ಪ್ರಶ್ನೆಗಳು. ಇನ್ನು ಇದನ್ನು ಕೇಳಿ: 'ಬೀಮ್ ಮಿ ಅಪ್, ಸ್ಕಾಟಿ', ಅಂದರೆ 'ಸ್ಕಾಟಿ, ನನ್ನನ್ನು ಮೇಲಕ್ಕೆ ಸೆಳೆದುಕೋ' ಎಂಬ ಜಗತ್ಪ್ರಸಿದ್ಧ ಮಾತನ್ನು ಕರ್ಕ್ ಯಾವ ಕಂತಿನಲ್ಲಿ ಹೇಳುತ್ತಾನೆ?

ಯಾವುದರಲ್ಲೂ ಇಲ್ಲ! ಅದನ್ನು ಹೋಲುವ ಮಾತುಗಳಿವೆ. ಆದರೆ ಇದೇ ಶಬ್ದಗಳು ಇದೇ ಕ್ರಮದಲ್ಲಿ ಆ 79 ಕಂತುಗಳಲ್ಲಿ ಎಲ್ಲಿಯೂ ಬರುವುದಿಲ್ಲ. ತರಗತಿಯಲ್ಲಿ 'ಕೇಳಿದ್ದೇನೆ' ಎನ್ನುವ ಮಗುವಿಗೆ 'ಎಲ್ಲಿ ಕೇಳಿದೆ?' ಎಂದು ತಿರುಗಿ ಕೇಳುವುದು ನನ್ನ ಅಭ್ಯಾಸ. ಇಲ್ಲಿ ಲಕ್ಷಾಂತರ ಹಿರಿಯರೇ ಆ ಮಗುವಿನಂತಾಗಿದ್ದಾರೆ.

ಆ ಕಾಲದಲ್ಲಿ ಮನೆಗಳಲ್ಲಿ ವಿಡಿಯೋ ರೆಕಾರ್ಡರ್ ಇರಲಿಲ್ಲ. ಕಂತು ಮುಗಿಯಿತೆಂದರೆ ಮರುಪ್ರಸಾರಕ್ಕೇ ಕಾಯಬೇಕು. ಹಾಗಿರುವಾಗ ಡೊರೊತಿ ಜೋನ್ಸ್ ಎಂಬ ಪ್ರೇಕ್ಷಕಿ ಪಾತ್ರ, ಗ್ರಹ, ಘಟನೆಗಳನ್ನೆಲ್ಲ ಟಿಪ್ಪಣಿ ಮಾಡಿಟ್ಟರು. ಬೀಜೊ ಟ್ರಿಂಬಲ್ ಎಂಬ ಇನ್ನೋರ್ವ ಮಹಿಳೆ ಅದನ್ನು ಸಂಪಾದಿಸಿ 1969ರಲ್ಲಿ 'ಸ್ಟಾರ್ ಟ್ರೆಕ್ ಕನ್ಕಾರ್ಡೆನ್ಸ್' ಎಂಬ ಅಕಾರಾದಿ ಕೋಶವಾಗಿ ಹೊರತಂದರು. 1976ರಲ್ಲಿ ದೊಡ್ಡ ಪ್ರಕಾಶನವೊಂದು ಅದನ್ನು ಮುದ್ರಿಸಿತು. ಆಟದ ಪೆಟ್ಟಿಗೆಗಳು ಬರುವುದಕ್ಕೆ ಎಷ್ಟೋ ಮೊದಲೇ ಉತ್ತರಗಳು ಹೀಗೆ ಕಾಗದದ ಮೇಲೆ ಸಿದ್ಧವಾಗಿದ್ದವು.

ಇದೇ ಬೀಜೊ ಅವರ ಇನ್ನೊಂದು ಕೆಲಸವೂ ಇದೆ. ಎರಡನೇ ವರ್ಷಕ್ಕೇ ಧಾರಾವಾಹಿ ನಿಲ್ಲುತ್ತದೆಂಬ ಸುದ್ದಿ ಹರಡಿದಾಗ ಅವರು ಪತಿ ಜಾನ್ ಅವರೊಂದಿಗೆ ಸೇರಿ ಪತ್ರ ಚಳವಳಿ ಆರಂಭಿಸಿದರು. ಇ-ಮೇಲ್ ಇಲ್ಲದ ಕಾಲ. ವಿಳಾಸ ಹುಡುಕಬೇಕು, ಅಂಚೆ ಚೀಟಿ ಅಂಟಿಸಬೇಕು. ಪತ್ರಗಳು ರಾಶಿ ಬಿದ್ದವು. 1968ರ ಮಾರ್ಚ್‌ನಲ್ಲಿ, ಧಾರಾವಾಹಿ ಮುಂದುವರಿಯಲಿದೆಯೆಂದು ವಾಹಿನಿಯೇ ಪ್ರಸಾರದಲ್ಲಿ ಘೋಷಿಸಿತು. ಹಾಗೆ ಮುಂದುವರಿದ ಮೂರನೇ ವರ್ಷದ ಕಂತುಗಳು 24.

ರಜೆಯಲ್ಲಿ ಮಕ್ಕಳು ರಸಪ್ರಶ್ನೆಗೆಂದು ಸುತ್ತ ಕುಳಿತಾಗ ನೀವೂ ಒಂದು ಪ್ರಶ್ನೆ ಹಾಕಿ: ಸ್ಟಾರ್ ಟ್ರೆಕ್‌ನ 79 ಕಂತುಗಳಲ್ಲಿ ಆ 24ನ್ನು ಯಾರ ಪತ್ರಗಳ ಲೆಕ್ಕಕ್ಕೆ ಬರೆಯಬೇಕು?