ಹಿಂದೂಪುರದ ಮಗುವಿಗೆ ಎಲ್ಲದಕ್ಕೂ ಬೆಂಗಳೂರೇ ಯಾಕೆ?

ಹಿಂದೂಪುರದಿಂದ ಬೆಂಗಳೂರಿಗೆ ನೂರು ಕಿಲೋಮೀಟರಿನ ಆಸುಪಾಸು. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ ದಾಟಿದರೆ ಮುಗಿಯಿತು. ಕೂಲಿ ಹುಡುಕಿಕೊಂಡು ಹೋಗುವವರಿಗೆ, ಸರಕು ಸಾಗಿಸುವ ವ್ಯಾಪಾರಿಗಳಿಗೆ ಅದು ದಿನನಿತ್ಯದ ದಾರಿ. ಆದರೆ ರೈಲಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚುವ, ಜನಜಂಗುಳಿ ಕಂಡರೆ ನೆಲಕ್ಕೆ ಬಿದ್ದು ಹೊರಳುವ ನಾಲ್ಕು ವರ್ಷದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಮುಕ್ಕಾಲು ಗಂಟೆಯ ಥೆರಪಿಗೆ ಹೊರಟ ತಾಯಿಗೆ ಆ ದಾರಿ ಸವೆಯುವುದೇ ಇಲ್ಲ. ಒಂದು ದಿನದ ಕೂಲಿಯೂ ಹೋಯಿತು. ಕಲ್ಯಾಣದುರ್ಗದವರ ಪಾಡು ಇನ್ನೂ ಕಷ್ಟ. ಅಲ್ಲಿಂದ ಜಿಲ್ಲಾ ಕೇಂದ್ರ ಅನಂತಪುರವೇ ಸುಮಾರು 60 ಕಿ.ಮೀ. ಬೆಂಗಳೂರಿನ ಮಾತು ಆಮೇಲಿನದು.

ಬಿತ್ತನೆ ಶುರುವಾದಾಗಲೋ, ಕೈಲಿದ್ದ ದುಡ್ಡು ಮುಗಿದಾಗಲೋ, ಮನೆಯಲ್ಲಿ ಇನ್ನೊಂದು ಮಗು ಹುಟ್ಟಿದಾಗಲೋ ಈ ಓಡಾಟ ನಿಂತುಹೋಗುತ್ತದೆ. ನಿಂತದ್ದಕ್ಕೆ ತಾಯಿಯನ್ನು ದೂರುವವರು ಬಹಳ, ಅವಳ ಜೊತೆ ನಿಲ್ಲುವವರು ಕಡಿಮೆ.

ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಿಂದೂಪುರದಂಥ ದೊಡ್ಡ ಊರಿನಲ್ಲಿ ಇಂಥ ಮನೆಗಳು ಒಂದೆರಡೇ ಇರಲಾರವು. ಆದರೂ ಪ್ರತಿ ಮನೆಯೂ ತಾನೊಂದೇ ಎಂದುಕೊಂಡಿರುತ್ತದೆ. ಮಗು ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ಮಾಡಿ ಏನನ್ನೂ ತೋರಿಸುವುದಿಲ್ಲ. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ‘ದೃಷ್ಟಿಯಾಗಿದೆ, ತಾಯಿತ ಕಟ್ಟಿಸಿ’ ಎನ್ನುತ್ತಾರೆ ನೆರೆಯವರು. ‘ಮೊಬೈಲು ಕೊಟ್ಟು ಹಾಳು ಮಾಡಿದಳು’ ಎನ್ನುವವರೂ ಉಂಟು. ಹೀಗೆ ಕಳೆದ ಎರಡು ಮೂರು ವರ್ಷಗಳೇ ಮಗುವಿಗೆ ನೆರವು ಹೆಚ್ಚು ಫಲ ಕೊಡುವ ಕಾಲ.

ತಾಯಿಯ ಮೇಲೆ ತಪ್ಪು ಹೊರಿಸುವ ಚಾಳಿ ಹಳ್ಳಿಗಾಡಿನದು ಮಾತ್ರವಲ್ಲ. 1943ರಲ್ಲಿ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ನಂತರ ದಶಕಗಳ ಕಾಲ ಅಮೆರಿಕದ ದೊಡ್ಡ ದೊಡ್ಡ ವೈದ್ಯರೇ ‘ತಾಯಿಗೆ ಮಮತೆ ಸಾಲದು, ಅದಕ್ಕೇ ಹೀಗೆ’ ಎಂದು ನಂಬಿದ್ದರು. ಆ ಮಾತನ್ನು ಮುರಿದವರಲ್ಲಿ ಮುಂದೆ ನಿಂತವರು ಬರ್ನಾರ್ಡ್ ರಿಮ್ಲ್ಯಾಂಡ್. ಅವರು ಮನೋವಿಜ್ಞಾನಿ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. 1964ರಲ್ಲಿ ಅವರ ಪುಸ್ತಕ ಬಂತು, ಮರುವರ್ಷವೇ ಪೋಷಕರ ಸಂಘ ಕಟ್ಟಿದರು. ಬ್ರಿಟನ್ನಿನಲ್ಲಿ 1962ರಲ್ಲೇ ಲೋರ್ನಾ ವಿಂಗ್ ಮತ್ತಿತರ ಪೋಷಕರು ಸೇರಿ ಸಂಘ ಕಟ್ಟಿದ್ದರು. ದೆಹಲಿಯ ‘ಆಕ್ಷನ್ ಫಾರ್ ಆಟಿಸಂ’ 1991ರಲ್ಲಿ ಹುಟ್ಟಿದ್ದೂ ಮೆರಿ ಬರುವಾ ಎಂಬ ತಾಯಿಯಿಂದ. ಎಲ್ಲೆಲ್ಲಿ ಈ ಮಕ್ಕಳಿಗೆ ಶಾಲೆ, ಕಾನೂನು, ಗೌರವ ಸಿಕ್ಕಿದೆಯೋ ಅಲ್ಲೆಲ್ಲ ಅಪ್ಪ ಅಮ್ಮಂದಿರು ಮೊದಲು ಒಬ್ಬರನ್ನೊಬ್ಬರು ಹುಡುಕಿಕೊಂಡಿದ್ದಾರೆ.

ಸಂಘ ಕಟ್ಟುವುದನ್ನು ಅನಂತಪುರ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1969ರಲ್ಲಿ ಇಲ್ಲಿಗೆ ಬಂದ ವಿಸೆಂಟ್ ಫೆರರ್ ಅವರ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಜನರ ಬಾಯಲ್ಲಿ ‘ಆರ್‌ಡಿಟಿ’, ಬರದ ನಾಡಿನಲ್ಲಿ ಕೆಲಸ ಮಾಡಿದ್ದೇ ಸಂಘಗಳ ಮೂಲಕ. ಕಲ್ಯಾಣದುರ್ಗದಲ್ಲಿ ಅದರ ಆಸ್ಪತ್ರೆಯಿದೆ. ಹಳ್ಳಿ ಹಳ್ಳಿಗಳಲ್ಲಿ ಅದು ಅಂಗವಿಕಲರ ಸಂಘಗಳನ್ನು ಕಟ್ಟಿಸಿದೆ, ವಿಶೇಷ ಶಾಲೆಗಳನ್ನು ನಡೆಸಿದೆ. ಉಳಿತಾಯ ಮಾಡಿ ಸಾಲ ಪಡೆಯುವ ಮಹಿಳಾ ಸಂಘ ಇಲ್ಲದ ಊರು ಈ ಭಾಗದಲ್ಲಿ ಅಪರೂಪ. ಅಡಿಪಾಯ ಇಷ್ಟು ಗಟ್ಟಿಯಾಗಿದ್ದರೂ ಆಟಿಸಂ ಇರುವ ಮಗುವಿನ ಮನೆ ಹೊರಗೇ ಉಳಿಯುತ್ತದೆ. ಪೋಲಿಯೊ ತಗುಲಿದ ಕಾಲು, ಕಾಣದ ಕಣ್ಣು ಯಾರಿಗೂ ಅರ್ಥವಾಗುತ್ತದೆ. ಈ ಮಗು ಮಾತ್ರ ನೋಡಲು ಎಲ್ಲರಂತೆಯೇ ಇದ್ದು, ಮದುವೆ ಮನೆಯಲ್ಲಿ ಓಲಗದ ಸದ್ದಿಗೆ ಚೀರಿದಾಗ ‘ಬುದ್ಧಿ ಕಲಿಸಿಲ್ಲ’ ಎನ್ನಿಸಿಕೊಳ್ಳುತ್ತದೆ. ಮುಂದಿನ ಮದುವೆಗೆ ತಾಯಿ ಹೋಗುವುದಿಲ್ಲ. ಸಂಘದ ಸಭೆಗೂ ಹೋಗುವುದಿಲ್ಲ.

ತಜ್ಞರಿಲ್ಲದ ಊರಿನಲ್ಲಿ ಪೋಷಕರು ಕೂಡಿ ಏನು ಮಾಡಿಯಾರು ಎಂದು ಕೇಳುವವರಿಗೆ ಗೋವಾದಲ್ಲಿ ಉತ್ತರವಿದೆ. ಅಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳನ್ನು ಒಳಗೊಂಡ ಅಧ್ಯಯನ ನಡೆಯಿತು. ಒಂದು ಗುಂಪಿನ ಪೋಷಕರಿಗೆ ಹನ್ನೆರಡು ಪಾಠಗಳನ್ನು ಕೊಟ್ಟರು. ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ತಾಯಿ ಮಗುವಿನೊಡನೆ ಆಡುವುದನ್ನು ವಿಡಿಯೊ ಮಾಡಿ, ಜೊತೆಗೆ ಕೂತು ನೋಡಿ, ಮಗು ಕಣ್ಣಿನಿಂದಲೋ ಕೈಯಿಂದಲೋ ಏನು ಹೇಳುತ್ತಿದೆ ಎಂದು ಗುರುತಿಸುವುದನ್ನು ಕಲಿಸುವುದಷ್ಟೇ ಕೆಲಸ. 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಫಲಿತಾಂಶ ಪ್ರಕಟವಾಯಿತು. ತರಬೇತಿ ಪಡೆದ ಪೋಷಕರು ಮಗುವಿನ ಜಾಡು ಹಿಡಿದು ಸ್ಪಂದಿಸತೊಡಗಿದ್ದರು, ಮಗು ತಾನಾಗಿಯೇ ಅವರತ್ತ ಬರುವುದು ಹೆಚ್ಚಿತ್ತು. ಇದರಿಂದ ಆಟಿಸಂ ಹೋಗುವುದಿಲ್ಲ, ಹೋಗಿಸುತ್ತೇವೆ ಎನ್ನುವವರನ್ನು ನಂಬಲೂಬಾರದು. ಆದರೆ ಈ ಪಾಠ ಹಿಂದೂಪುರದ ಅಂಗನವಾಡಿಯ ಚಾಪೆಯ ಮೇಲೂ ನಡೆಯಬಲ್ಲದು.

ಅದೂ ಮನೆಯ ಮಾತಿನಲ್ಲಿ. ಮಡಕಶಿರಾ, ರೊಳ್ಳ, ಅಮರಾಪುರ, ಅಗಳಿಯ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನಗರದ ಥೆರಪಿ ಕೇಂದ್ರಕ್ಕೆ ಹೋದರೆ ಇಂಗ್ಲಿಷು. ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಆಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಇಂಗ್ಲಿಷ್ ಸರಿಯಾಗಿ ಬಾರದ ತಾಯಿ ಮಗುವಿನೊಂದಿಗೆ ಮಾತನ್ನೇ ಕಡಿಮೆ ಮಾಡುತ್ತಾಳೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗು ಮಾತಿನಲ್ಲಿ ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಒಪ್ಪಿಲ್ಲ. ತಾಯಿ ತನ್ನ ಕನ್ನಡದಲ್ಲೋ ತೆಲುಗಿನಲ್ಲೋ ಧಾರಾಳವಾಗಿ ಮಾತಾಡಲಿ.

ಸರ್ಕಾರದ ಕಡೆಯಿಂದ ಬರಬೇಕಾದದ್ದು ಕಾಗದದ ಮೇಲೆ ಕಡಿಮೆಯೇನಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಆಂಧ್ರದಲ್ಲಿ ಸಮಗ್ರ ಶಿಕ್ಷಾ ಯೋಜನೆಯ ‘ಭವಿತ’ ಕೇಂದ್ರಗಳು ಮಂಡಲ ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇವೆ. ವೈಕಲ್ಯವನ್ನು ದೃಢೀಕರಿಸುವ ‘ಸದರಂ’ ಸರ್ಟಿಫಿಕೇಟು ಇದ್ದರೆ ಸಿಗುವ ಪಿಂಚಣಿಯನ್ನು 2024ರ ಜುಲೈಯಿಂದ 3,000ದಿಂದ 6,000 ರೂಪಾಯಿಗೆ ಏರಿಸಲಾಯಿತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ವೆಚ್ಚಕ್ಕೆ ಅವಕಾಶವಿದೆ, ಥೆರಪಿಯೂ ಅದರಲ್ಲಿ ಸೇರಿದೆ. ಕೂಲಿಗೆ ಹೋಗುವ ಒಬ್ಬೊಬ್ಬ ತಾಯಿ ಒಂದೊಂದು ಕಿಟಕಿಯ ಮುಂದೆ ನಿಂತು ಇದನ್ನೆಲ್ಲ ಪಡೆಯಬೇಕೆಂದರೆ ಆಗದ ಮಾತು. ಹತ್ತು ಮನೆಯವರು ಒಟ್ಟಾಗಿ ಹೋದರೆ ಗುಮಾಸ್ತನೂ ಕುರ್ಚಿ ಎಳೆದು ಕೂರಿಸುತ್ತಾನೆ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇದಕ್ಕಿಂತ ದೊಡ್ಡ ಅವಕಾಶವೊಂದಿದೆ. ಆಟಿಸಂ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಪಾಲಕರನ್ನು ನೇಮಿಸುವುದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿಯ ಜೊತೆ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರು ಇರಬೇಕು. ಪೋಷಕರ ಸಂಘವೂ ಹಾಗೆ ನೋಂದಾಯಿಸಿಕೊಳ್ಳಬಹುದೆಂದು ಕಾಯ್ದೆಯೇ ಹೇಳುತ್ತದೆ. ‘ನಾವು ಹೋದ ಮೇಲೆ ಇವನ ಗತಿಯೇನು’ ಎಂದು ರಾತ್ರಿ ನಿದ್ದೆಗೆಡುವ ಅಪ್ಪ ಅಮ್ಮಂದಿರು ಆ ತೀರ್ಮಾನ ನಡೆಯುವ ಮೇಜಿನ ಮುಂದೆಯೇ ಕೂರಬಹುದು.

2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಎರಡಾಯಿತು. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಹಾಗಾಗಿ ಸಂಘವೂ ಎರಡು ಬೇಕು. ಭವಿತ ಕೇಂದ್ರದ ಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ತಮಗೆ ಗೊತ್ತಿರುವ ಮನೆಗಳನ್ನು, ಅವರ ಒಪ್ಪಿಗೆ ಪಡೆದು, ತಿಂಗಳಿಗೊಂದು ದಿನ ಒಂದೆಡೆ ಸೇರಿಸಲಿ. ಮಹಿಳಾ ಸಂಘಗಳು ಕೂರಲು ಜಾಗ ಕೊಡಲಿ, ಸಭೆಯ ಹೊತ್ತು ಮಕ್ಕಳನ್ನು ನೋಡಿಕೊಳ್ಳಲು ಇಬ್ಬರನ್ನು ಕಳಿಸಲಿ. ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಆ ಮೊದಲ ಸಭೆಗಳಿಗೆ ತಾವೇ ಬರಲಿ.